ಒಂದು ಪುಸ್ತಕಕ್ಕೆ ಒಂದು ಕೈಕೆಲಸ: ಮೆಸ್ಸಿನ ಅಡುಗೆಮನೆಯಲ್ಲಿ ನಾನು ಓದಿದ ರೀತಿ

ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಪುಸ್ತಕ ಓದಿ ಮುಗಿಸಿದ್ದೇನೆ. ಕತೆ, ಕಾದಂಬರಿ ಅಲ್ಲ. ಎಲ್ಲವೂ ನಾನ್‌ಫಿಕ್ಷನ್. ಆತ್ಮಕತೆ, ಗಿಡಮರದ ಪುಸ್ತಕ, ಊಟದ ಇತಿಹಾಸ, ಒಂದು ಕಾಯಿಲೆಯ ಇತಿಹಾಸ, ಹೀಗೆ. ನಾನು ಶಿವಮೊಗ್ಗದಲ್ಲಿ ಮೆಸ್ ನಡೆಸುವವಳು. ಬೆಳಿಗ್ಗೆ ಐದಕ್ಕೆ ಇಡ್ಲಿ ಹಬೆಗೆ ಇಟ್ಟರೆ ರಾತ್ರಿ ಹತ್ತಕ್ಕೆ ಕಟ್ಟೆ ಒರೆಸಿ ಬಾಗಿಲು ಹಾಕುವುದು. ಈ ಹದಿನಾಲ್ಕು ತಿಂಗಳಿಗಿಂತ ಹಿಂದಿನ ಆರು ವರ್ಷದಲ್ಲಿ ಪೂರ್ತಿ ಓದಿದ್ದು ಒಂದೇ ಒಂದು ಪುಸ್ತಕ. ಹಾಗಾಗಿ ಈ ಹನ್ನೊಂದು ನನಗೆ ದೊಡ್ಡ ಸಂಖ್ಯೆ, ಹೇಳಿಕೊಳ್ಳುತ್ತೇನೆ.

ಪುಸ್ತಕ ಹೇಳಿದ್ದರಲ್ಲಿ ಒಂದನ್ನಾದರೂ ಕೈಯಾರೆ ಮಾಡಿ ನೋಡುವುದು, ಇದು ನಾನು ಓದುವ ರೀತಿ. ಅದನ್ನು ನೋಡಿ ಯಾರೂ ಒಪ್ಪಿರಲಿಲ್ಲ. ನಮ್ಮನೆಯವರು 'ನೀನು ಓದ್ತಾ ಇಲ್ಲ, ಆಟ ಆಡ್ತಾ ಇದ್ದೀಯ' ಅಂದರು. ನಮ್ಮಲ್ಲಿ ದಿನಾ ಮಧ್ಯಾಹ್ನ ಊಟಕ್ಕೆ ಬರುವ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ, ಕಾಲೇಜಿನಲ್ಲಿ ಪಾಠ ಮಾಡುವವರು. ಅವರಂತೂ ಮುಖಕ್ಕೇ ಹೇಳಿದರು: 'ಅಕ್ಕಾ, ಓದೋದು ಅಂದ್ರೆ ಓದೋದು. ಅಡುಗೆ ಮಾಡೋದಲ್ಲ.' ಅವರ ಹೆಸರು ಹೇಳುವುದಿಲ್ಲ. ಈಗ ಅವರೇ ನನ್ನ ಲೆಕ್ಕದ ಪುಸ್ತಕದ ಹಿಂಬದಿ ಕೇಳಿ ಓದುತ್ತಾರೆ. ಅದು ಆಮೇಲೆ.

ಮೊದಲು ದುಡ್ಡು ಹೋದ ಕತೆ. ನಾಲ್ಕು ವರ್ಷದ ಹಿಂದೆ ಪುಸ್ತಕ ಮೇಳದಲ್ಲಿ ಒಂದೇ ದಿನ ಹದಿನೇಳು ಪುಸ್ತಕ ತಂದೆ. ನಾಲ್ಕೂವರೆ ಸಾವಿರದ ಹತ್ತಿರ ಆಯಿತು. ಎರಡು ಕೈಚೀಲ ಹೊತ್ತುಕೊಂಡು ಬಸ್ಸಿನಲ್ಲಿ ನಿಂತು ಬಂದೆ. ಅದರಲ್ಲಿ ಓದಿದ್ದು ಒಂದೂವರೆ. ಮೂರು ಪುಸ್ತಕ ಗೋಡೆಯ ತೇವಕ್ಕೆ ಬೂಸ್ಟು ಹಿಡಿದವು. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಪುಸ್ತಕ ಇಡಬಾರದು ಅಂತ ನನಗೆ ಗೊತ್ತಿರಬೇಕಿತ್ತು. ಆಮೇಲೆ ಒಂದು ಆಪ್ ಹಾಕಿಸಿಕೊಂಡೆ, ವರ್ಷಕ್ಕೆ ಸಾವಿರದ ಐನೂರರ ಹತ್ತಿರ. ಹದಿನೈದು ನಿಮಿಷದಲ್ಲಿ ಇಡೀ ಪುಸ್ತಕದ ಸಾರ ಕೇಳಿಸುತ್ತೇವೆ ಅಂದಿದ್ದರು. ಒಂಬತ್ತು ದಿನ ಕೇಳಿದೆ. ಪಲ್ಯ ಹೆಚ್ಚುತ್ತಾ ಒಂಬತ್ತು ಪುಸ್ತಕ 'ಮುಗಿಸಿದೆ'. ಹತ್ತನೇ ದಿನ ಕೂತು ಯೋಚಿಸಿದರೆ ಯಾವುದರಲ್ಲಿ ಏನಿತ್ತು ಅಂತ ಒಂದು ಸಾಲೂ ನೆನಪಿಲ್ಲ. ಊಟ ಮಾಡದೆ ಬರೀ ಒಗ್ಗರಣೆ ವಾಸನೆ ಕುಡಿದ ಹಾಗೆ.

ಇನ್ನೂ ಏನೇನೋ ಮಾಡಿದ್ದೇನೆ. ಹಳದಿ ಪೆನ್ನಲ್ಲಿ ಗೆರೆ ಹಾಕಿದೆ, ಆಮೇಲೆ ನೋಡಿದರೆ ಗೆರೆ ಹಾಕದ ಸಾಲೇ ಇಲ್ಲ. ದಿನಕ್ಕೆ ಮೂವತ್ತು ಪುಟ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಆರನೇ ದಿನಕ್ಕೆ ಒಂದು ನಾಮಕರಣದ ಆರ್ಡರ್ ಬಂತು, ಎಪ್ಪತ್ತು ಜನಕ್ಕೆ. ಅಲ್ಲಿಗೆ ಅದು ನಿಂತಿತು. ರಾತ್ರಿ ಮಲಗುವಾಗ ಓದುವುದು ನನ್ನಿಂದ ಆಗುವುದೇ ಇಲ್ಲ. ಹದಿನೇಳು ಗಂಟೆ ನಿಂತ ಕಾಲು ಹಾಸಿಗೆಗೆ ತಾಗಿದರೆ ಕಣ್ಣು ತಾನಾಗಿ ಮುಚ್ಚುತ್ತದೆ.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಪುಸ್ತಕವನ್ನು ಹೆಸರು ನೋಡಿಯೇ ತಗೊಂಡಿದ್ದೆ. ಆ ಹದಿನೇಳರಲ್ಲಿ ಅದೂ ಒಂದು. ಸ್ವಾಮಿಯವರು ಡಿವಿಜಿಯವರ ಮಗ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ, ಅಲ್ಲೇ ಪ್ರಿನ್ಸಿಪಾಲರಾಗಿದ್ದವರು. ನಾವು ದಿನಾ ತಿನ್ನುವುದರಲ್ಲಿ ಎಷ್ಟೆಲ್ಲ ಅಮೆರಿಕಾ ಖಂಡದಿಂದ ಬಂದದ್ದು ಅನ್ನುವುದೇ ಪುಸ್ತಕದ ವಿಷಯ. ಓದುತ್ತಾ ಇದ್ದೆ. ಎದುರಿಗೆ ಅವತ್ತಿನ ತರಕಾರಿ ಬುಟ್ಟಿ ಇತ್ತು. ಸುಮ್ನೆ ಕುತೂಹಲಕ್ಕೆ ಬುಟ್ಟಿಯಿಂದ ಒಂದೊಂದೇ ಹೊರಗೆ ಇಡುತ್ತಾ ಬಂದೆ. ಹಸಿಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಹುರುಳಿಕಾಯಿ, ದೊಣ್ಣೆಮೆಣಸಿನಕಾಯಿ, ಸೀಮೆಬದನೆ, ಸಿಹಿಗುಂಬಳ. ಆಮೇಲೆ ಡಬ್ಬಗಳ ಕಡೆ ತಿರುಗಿದೆ. ಶೇಂಗಾ, ಗೋಡಂಬಿ, ಒಣಮೆಣಸಿನಕಾಯಿ. ಸೂರ್ಯಕಾಂತಿ ಎಣ್ಣೆಯ ಟಿನ್ನು ಉತ್ತರ ಅಮೆರಿಕಾದ ಲೆಕ್ಕ, ಸೀಮೆಬದನೆ ಮೆಕ್ಸಿಕೋ ಕಡೆಯದು, ಇರಲಿ ಅಂತ ಎಲ್ಲವನ್ನೂ ಒಂದೇ ಕಡೆ ಇಟ್ಟೆ. ಬುಟ್ಟಿಯಲ್ಲಿ ಉಳಿದದ್ದು ಒಂದು ಸೌತೆಕಾಯಿ, ನಾಲ್ಕು ಬದನೆಕಾಯಿ, ಒಂದು ಕಟ್ಟು ಕರಿಬೇವು. ನಾನು ಹಾಗೇ ನಿಂತುಬಿಟ್ಟೆ. ನನ್ನ ಮೆಸ್ಸಿನ ಬೋರ್ಡಿನಲ್ಲಿ 'ಮಲೆನಾಡ ಮನೆ ಊಟ' ಅಂತ ಬರೆಸಿದ್ದೇನೆ.

ಅವತ್ತೇ ತೀರ್ಮಾನ ಮಾಡಿದೆ. ಒಂದು ದಿನ ಈ ಹೊರಗಿಟ್ಟ ಯಾವುದನ್ನೂ ಮುಟ್ಟದೆ ಅಡುಗೆ ಮಾಡಬೇಕು. ಮನೆಗಲ್ಲ, ಮೆಸ್ಸಿಗೆ, ನಲವತ್ತು ಜನಕ್ಕೆ.

ಬುಧವಾರ ಮಾಡಿದೆ. ಖಾರಕ್ಕೆ ಕಾಳುಮೆಣಸು ಮತ್ತು ಶುಂಠಿ. ಹುಳಿಗೆ ಹುಣಸೆ, ತವರಿಂದ ತಂದಿದ್ದ ವಾಟೆಹುಳಿ. ಎಣ್ಣೆಗೆ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಕೆಸುವಿನ ಗಡ್ಡೆ ಹುಳಿ, ತೊಗರಿಬೇಳೆ ಮೆಣಸಿನ ಸಾರು, ಗೋಡಂಬಿ ಇಲ್ಲದ ಹೆಸರುಬೇಳೆ ಪಾಯಸ. ಮಾಡುವುದೇನೋ ಸುಲಭ, ಖರ್ಚು ಸುಲಭ ಅಲ್ಲ. ಕಾಳುಮೆಣಸು ಕೆಜಿಗೆ ಏಳುನೂರರ ಆಸುಪಾಸು ಇತ್ತು. ಮೆಣಸಿನಪುಡಿ ಹಾಕುವ ಕಡೆಯೆಲ್ಲ ಕಾಳುಮೆಣಸು ಹಾಕಿದರೆ ಒಂದು ಊಟಕ್ಕೆ ಬೀಳುವ ಲೆಕ್ಕವೇ ಬೇರೆ. ಎಳ್ಳೆಣ್ಣೆಯೂ ಅಷ್ಟೇ. ಅವತ್ತು ಮಾಮೂಲಿಗಿಂತ ಸಾವಿರದ ಎಂಟುನೂರು ರೂಪಾಯಿ ಜಾಸ್ತಿ ಖರ್ಚಾಯಿತು. ಊಟದ ರೇಟು ಏರಿಸಲಿಲ್ಲ. ನನ್ನ ಪುಸ್ತಕದ ಹುಚ್ಚಿಗೆ ಹುಡುಗರು ಯಾಕೆ ಕೊಡಬೇಕು?

ಕಾರಣ ಯಾರಿಗೂ ಹೇಳಿರಲಿಲ್ಲ. ಬಡಿಸುತ್ತಾ ಮುಖ ನೋಡುತ್ತಿದ್ದೆ. ಎರಡನೇ ಪಂಕ್ತಿಯಲ್ಲಿ ಶೃಂಗೇರಿ ಕಡೆಯ ಹುಡುಗ ಒಬ್ಬ, ಇಂಜಿನಿಯರಿಂಗ್ ಓದುವವನು, ಸಾರು ಕಲಸಿ ಬಾಯಿಗೆ ಇಟ್ಟವನು ತಲೆ ಎತ್ತಿ ಕೇಳಿದ: 'ಅಕ್ಕಾ, ಇವತ್ತು ನಿಮ್ಮನೇಲಿ ಯಾರದ್ದಾದರೂ ತಿಥಿನಾ?'

ನನಗೆ ಅರ್ಥ ಆಗಲಿಲ್ಲ. ನಮ್ಮ ಕಡೆ ತಿಥಿ ಊಟ ಬೇರೆ ಥರ. ಅವನೇ ವಿವರಿಸಿದ. ಅವರ ಮನೆಯಲ್ಲಿ ಅಜ್ಜನ ತಿಥಿಗೆ ಮೆಣಸಿನಕಾಯಿ ಹಾಕುವುದಿಲ್ಲ, ಕಾಳುಮೆಣಸೇ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಬೀನ್ಸ್ ಇಲ್ಲ, ಕೋಸು ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಕೆಸು, ಉದ್ದಿನ ವಡೆ, ಎಳ್ಳು. 'ಥೇಟ್ ಇದೇ ಸಾರು ಅಕ್ಕಾ' ಅಂದ.

ಸೌಟು ಕೈಯಲ್ಲೇ ಇತ್ತು. ನಾಲ್ಕು ಜನ ಅನ್ನ ಅನ್ನ ಅಂತ ಕೂಗುತ್ತಿದ್ದರು. ನನ್ನ ತಲೆಯೊಳಗೆ ಮಾತ್ರ ಏನೋ ಟಪ್ ಅಂತ ಕೂತಿತು. ಹಿರಿಯರಿಗೆ ಬಡಿಸುವ ಎಲೆಗೆ ಹಿರಿಯರು ತಿಂದದ್ದೇ ಬೀಳಬೇಕು. ಅವರು ಕಾಣದ ತರಕಾರಿ ಆ ಎಲೆಗೆ ಬರಲಿಲ್ಲ. ದಿನದ ಅಡುಗೆಮನೆಯನ್ನು ಮೆಣಸಿನಕಾಯಿ ಪೂರ್ತಿ ಗೆದ್ದುಕೊಂಡಿತು, ಆದರೆ ವರ್ಷಕ್ಕೆ ಒಂದು ದಿನದ ಆ ಅಡುಗೆಯನ್ನು ನಾನೂರು ಚಿಲ್ಲರೆ ವರ್ಷ ಆದರೂ ಗೆಲ್ಲಲಿಕ್ಕೆ ಆಗಿಲ್ಲ. ಮಾರನೇ ದಿನ ನಮ್ಮ ಹಿಂದಿನ ಬೀದಿಯ ಅಜ್ಜಿ ಒಬ್ಬರ ಹತ್ತಿರ ಹೋಗಿ ತಿಥಿಗೆ ಆಗುವ ತರಕಾರಿ, ಆಗದ ತರಕಾರಿ ಎರಡೂ ಪಟ್ಟಿ ಬರೆದುಕೊಂಡೆ. ಮನೆಯಿಂದ ಮನೆಗೆ ಸ್ವಲ್ಪ ವ್ಯತ್ಯಾಸ ಇದೆ ಅಂದರು. ಆದರೂ ಆಗದ ಪಟ್ಟಿಯನ್ನು ನನ್ನ ಹೊರಗಿಟ್ಟ ಬುಟ್ಟಿಯ ಜೊತೆ ಇಟ್ಟು ನೋಡಿದರೆ ಹೆಚ್ಚುಕಡಿಮೆ ಅದೇ. ಅಜ್ಜಿಯ ಪಟ್ಟಿಯಲ್ಲಿ ಕೋಸು, ಹೂಕೋಸು ಜಾಸ್ತಿ ಇದ್ದವು. ಅವು ಯುರೋಪಿನ ಕಡೆಯಿಂದ ಬಂದವು, ಅಷ್ಟೇ. ಅಜ್ಜಿ ಯಾವ ಸಸ್ಯಶಾಸ್ತ್ರವನ್ನೂ ಓದಿಲ್ಲ.

ಆ ಪುಸ್ತಕ ಇವತ್ತಿಗೂ ನನಗೆ ಬಾಯಿಪಾಠದ ಹಾಗೆ ಇದೆ. ಅಲ್ಲಿಂದ ನಿಯಮ ಮಾಡಿಕೊಂಡೆ: ಒಂದು ಪುಸ್ತಕಕ್ಕೆ ಒಂದು ಕೈಕೆಲಸ. ಪುಸ್ತಕ ಹೇಳಿದ್ದರಲ್ಲಿ ಒಂದಾದರೂ ನನ್ನ ಕೈಯಿಂದ ದಾಟಿ ಹೋಗಬೇಕು.

ನಿಯಮ ಸುಲಭವಾಗಿ ಕೂರಲಿಲ್ಲ. ಮೊದಮೊದಲು ಪುಸ್ತಕ ಮುಗಿಸಿ ಆಮೇಲೆ ಕೈಕೆಲಸ ಅಂತ ಇಟ್ಟುಕೊಂಡಿದ್ದೆ. ಕೆಲಸಕ್ಕೆ ಬರಲಿಲ್ಲ. ಮುಗಿದ ಮೇಲೆ ಮನಸ್ಸು ಮುಂದಿನ ಪುಸ್ತಕಕ್ಕೆ ಹೋಗಿರುತ್ತದೆ. ಮಧ್ಯದಲ್ಲೇ ಮಾಡಬೇಕು, ನೂರನೇ ಪುಟದ ಒಳಗೆ. ಆಗ ಉಳಿದ ಪುಟಗಳನ್ನು ಓದುವ ಕಣ್ಣೇ ಬೇರೆ ಆಗುತ್ತದೆ. ಅರವತ್ತು ಪುಟ ಆದರೂ ಮಾಡುವ ಕೆಲಸ ಏನೂ ಹೊಳೆಯದಿದ್ದರೆ ಪುಸ್ತಕ ವಾಪಸ್ ಕಪಾಟಿಗೆ. ಹಾಗೆ ಐದು ಪುಸ್ತಕ ವಾಪಸ್ ಹೋಗಿವೆ. ಅದರಲ್ಲಿ ಮೂರು, ಬೇಗ ಶ್ರೀಮಂತರಾಗುವುದು ಹೇಗೆ ಅನ್ನುವ ಜಾತಿಯವು. ಅವು ಹೇಳುವ ಕೆಲಸ ಮಾಡೋಕೆ ಮೊದಲೇ ದುಡ್ಡು ಇರಬೇಕು.

ಓದುವ ಹೊತ್ತು ಮೂರೂಕಾಲರಿಂದ ನಾಲ್ಕೂವರೆ. ಪಾತ್ರೆ ತೊಳೆಯುವ ಸದ್ದು ಇರುವ ಹೊತ್ತು. ಅಕ್ಕಿ ಡಬ್ಬದ ಮೇಲೆ ಒಂದು ಮರದ ವ್ಯಾಸಪೀಠ ಇಟ್ಟುಕೊಂಡಿದ್ದೇನೆ, ಇನ್ನೂರೈವತ್ತು ಕೊಟ್ಟಿದ್ದು. ಎರಡೂ ಕೈ ಖಾಲಿ ಇರುತ್ತದೆ, ಬೆಳ್ಳುಳ್ಳಿ ಬಿಡಿಸುತ್ತಾ ಓದಬಹುದು. ನನ್ನ ಎಲ್ಲ ಖರ್ಚಿನಲ್ಲಿ ಆ ಇನ್ನೂರೈವತ್ತರಷ್ಟು ಲಾಭ ತಂದದ್ದು ಯಾವುದೂ ಇಲ್ಲ.

ಇನ್ನೊಂದು ಮುಖ್ಯ ಭಾಗ ಬರೆಯುವುದು. ಮುಗಿಸಿದ ದಿನವೇ ಬರೆದರೆ ಪುಸ್ತಕದ ಮಾತೇ ಬರುತ್ತದೆ, ನನ್ನದು ಇರುವುದಿಲ್ಲ. ತಿಂಗಳು ಬಿಟ್ಟು ಬರೆಯಲು ಕೂತರೆ ಏನೂ ಇರುವುದಿಲ್ಲ. ನಾಲ್ಕನೇ ದಿನ ಸರಿ ಅಂತ ನನಗೆ ಗೊತ್ತಾಗಲು ಮೂರು ಪುಸ್ತಕ ಹಿಡಿಯಿತು. ಹಿಟ್ಟಿನ ಹಾಗೇ ಇದು, ಹುಳಿ ಬರಲು ಬಿಡಬೇಕು, ಹುಳಿ ಮೀರಲು ಬಿಡಬಾರದು. ನಾಲ್ಕನೇ ದಿನ, ಪುಸ್ತಕ ತೆರೆಯದೆ, ಸಾಲದ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಿಂದ ಒಂದೇ ಪುಟ. ಆ ಪುಟದ ಮೊದಲ ಸಾಲಿಗೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಇನ್ನೂ ಪೂರ್ತಿ ಪಳಗಿಲ್ಲ. ಯಾವ ಅಧ್ಯಾಯದಿಂದ ಶುರು ಮಾಡುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಮೊದಲನೇ ಅಧ್ಯಾಯದಿಂದ ಅಲ್ಲ ಅಂತ ಮಾತ್ರ ಹೇಳಬಲ್ಲೆ.

ಎರಡನೇ ಪುಸ್ತಕ ಇಂಗ್ಲಿಷಿನದು. ಕೆ.ಟಿ. ಅಚ್ಚಯ್ಯನವರ 'ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್', 1994ರದ್ದು. ಅಚ್ಚಯ್ಯನವರು ಹುಟ್ಟಿದ್ದು ನಮ್ಮ ಕೊಳ್ಳೇಗಾಲದಲ್ಲಿ. ಎಣ್ಣೆಗಳ ರಸಾಯನಶಾಸ್ತ್ರ ಅವರ ಕಸುಬು, ಊಟದ ಇತಿಹಾಸ ಅವರ ಆಸೆ. ನನ್ನ ಇಂಗ್ಲಿಷು ಬಿಎ ಇಂಗ್ಲಿಷು, ನಿಧಾನಕ್ಕೆ ಓದಿದೆ, ಎರಡು ತಿಂಗಳು ಹಿಡಿಯಿತು. ಇಡ್ಲಿಯ ಭಾಗ ಬಂದಾಗ ಓದುವುದನ್ನು ನಿಲ್ಲಿಸಿದೆ. ದಿನಕ್ಕೆ ಇನ್ನೂರು ಇಡ್ಲಿ ಇಳಿಸುವವಳಿಗೆ ಅದು ಸ್ವಂತ ಮನೆಯ ವಿಷಯ.

920ರ ಸುಮಾರಿನ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆ ಅನ್ನುವ ಮಾತು ಬರುತ್ತದೆ. 1025ರ ಹೊತ್ತಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಮಾಡುವ ರೀತಿಯೇ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಹಾಕಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವುದು. ಅಕ್ಕಿ ಇಲ್ಲ. ರಾತ್ರಿಯಿಡೀ ಹುಳಿ ಬರಿಸುವ ಮಾತಿಲ್ಲ. ಅಕ್ಕಿರವೆ ಸೇರಿಸುವುದು, ಹುಳಿ ಬರಿಸುವುದು, ಹಬೆಯಲ್ಲಿ ಬೇಯಿಸುವುದು, ಈ ಮೂರೂ ಆಮೇಲೆ ಬಂದಿರಬೇಕು, ಇಂಡೋನೇಷ್ಯಾದ ಕಡೆಯಿಂದ ಬಂದಿರಬಹುದು ಅನ್ನುವುದು ಅಚ್ಚಯ್ಯನವರ ಊಹೆ.

ನಾನು ಒಂದು ಕೆಜಿ ಉದ್ದು ನೆನೆಸಿದೆ. ಮೂರು ಪಾಲು ಮಾಡಿದೆ. ಮೊದಲ ಪಾಲು ರುಬ್ಬಿದ ತಕ್ಷಣ ತಟ್ಟೆಗೆ ಹಾಕಿ ಹಬೆಗೆ ಇಟ್ಟೆ. ಬಂದದ್ದು ಬೂದುಬಣ್ಣದ ಬಿಲ್ಲೆ. ಒತ್ತಿದರೆ ರಬ್ಬರಿನ ಹಾಗೆ ವಾಪಸ್ ಬರುತ್ತಿತ್ತು, ಬಿಡಿಸಿದರೆ ಬೆರಳಿಗೆ ಅಂಟುತ್ತಿತ್ತು. ವಾಸನೆ ಮಾತ್ರ ಚೆನ್ನಾಗಿತ್ತು, ಇಂಗು, ಮೆಣಸಿನದು. ಎರಡನೇ ಪಾಲು ರಾತ್ರಿ ಬಿಟ್ಟೆ. ಡಿಸೆಂಬರಿನ ಚಳಿ, ಉಬ್ಬಲೇ ಇಲ್ಲ. ಒಲೆಯ ಪಕ್ಕ ಇಟ್ಟರೂ ಅಷ್ಟೇ. ಮೂರನೇ ಪಾಲನ್ನು ಗಟ್ಟಿಯಾಗಿಯೇ ಇಟ್ಟು ಉಂಡೆ ಮಾಡಿ ತುಪ್ಪದಲ್ಲಿ ಕರಿದೆ. ಅದು ಅದ್ಭುತ ಆಯಿತು. ಹುಡುಗರು ತಟ್ಟೆ ಖಾಲಿ ಮಾಡಿದರು. ಅದು ವಡೆ! ಹೆಸರು ಇಡ್ಲಿಯದು, ಜೀವ ವಡೆಯದು. ಆ ಕಾಲದ ಇಡ್ಡಲಿಗೆ ನಮ್ಮ ಇಡ್ಲಿಗಿಂತ ವಡೆಗೇ ಹತ್ತಿರದ ನೆಂಟ ಅಂತ ನನ್ನ ಕೈ ಹೇಳುತ್ತದೆ. ತುಪ್ಪ, ಉದ್ದು, ಗ್ಯಾಸು ಎಲ್ಲ ಸೇರಿ ಐನೂರರ ಮೇಲೆ ಹೋಯಿತು.

ಇಂಡೋನೇಷ್ಯಾದ ಊಹೆ ಮಾತ್ರ ನನಗೆ ಇನ್ನೂ ಗಂಟಲಿನಲ್ಲಿ ಇಳಿದಿಲ್ಲ. ನಮ್ಮ ಅಮ್ಮ ಅರಿಶಿನ ಎಲೆಯಲ್ಲಿ ಕಡುಬು ಬೇಯಿಸುತ್ತಿದ್ದದ್ದು ಮಣ್ಣಿನ ಗಡಿಗೆಯ ಒಳಗೆ ಹುಲ್ಲು ಹಾಸಿ, ಮೇಲೆ ಎಲೆ ಮುಚ್ಚಿ. ಹಬೆಗೆ ವಿಶೇಷ ಪಾತ್ರೆ ಏನೂ ಬೇಡ. ಇದನ್ನೂ ಮಾಡಿ ನೋಡಿದೆ. ಗಡಿಗೆ ಬಾಯಿಗೆ ಬಟ್ಟೆ ಕಟ್ಟಿ ಮಾಮೂಲಿ ಇಡ್ಲಿ ಹಿಟ್ಟು ಹಾಕಿದರೆ ಹದಿನೈದು ನಿಮಿಷಕ್ಕೆ ಹೂವಿನಂಥ ಇಡ್ಲಿ. ಇದರಿಂದ ಏನೂ ಸಾಬೀತು ಆಗುವುದಿಲ್ಲ, ಗೊತ್ತು. ಆದರೂ ನನ್ನ ಅನುಮಾನ ಹಾಗೇ ಇದೆ.

ಎಲ್ಲ ಪುಸ್ತಕಕ್ಕೂ ಹೀಗೆ ಆಗಲಿಲ್ಲ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ದಪ್ಪ ಪುಸ್ತಕ. ಅದಕ್ಕೆ ಕೈಕೆಲಸ ಅಂದರೆ ಕುಪ್ಪಳಿಗೆ ಹೋಗಿ ಬರುವುದು ಅಂತ ತೀರ್ಮಾನಿಸಿ ಒಂದು ಭಾನುವಾರ ಮೆಸ್ಸಿಗೆ ಬೀಗ ಹಾಕಿದೆ. ತೀರ್ಥಹಳ್ಳಿಗೆ ಬಸ್ಸು, ಅಲ್ಲಿಂದ ಆಟೋ. ಬಸ್ಸು, ಆಟೋ, ಊಟ, ಒಂದು ದಿನದ ವ್ಯಾಪಾರ ಎಲ್ಲ ಸೇರಿಸಿದರೆ ನಾಲ್ಕು ಸಾವಿರ ಕೈಬಿಟ್ಟಿತು. ಕವಿಶೈಲದ ಬಂಡೆಯ ಮೇಲೆ ಕೂತು ಪುಸ್ತಕ ತೆರೆದೆ. ಮೂರು ಪುಟವೂ ಓದಲಿಲ್ಲ. ಫೋಟೋ ತೆಗೆಯುವವರ ಗದ್ದಲ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನಾನು ಬರೀ ನೋಡುವವಳು. ಕೈಗೆ ಏನೂ ಕೆಲಸ ಇಲ್ಲ. ಜಾಗಕ್ಕೆ ಹೋಗುವುದು ಕೈಕೆಲಸ ಅಲ್ಲ ಅಂತ ಅವತ್ತು ಗೊತ್ತಾಯಿತು. ಆ ಪುಸ್ತಕವನ್ನು ಆಮೇಲೆ ಬೇರೆ ರೀತಿ ಓದಿದೆ. ಅದರ ಬಾಲ್ಯದ ಪುಟಗಳಿಗೆ ಬಂದಾಗಲೆಲ್ಲ ನಮ್ಮ ಊರಿನ ಕಡೆಯ ಮಾತುಗಳನ್ನು ಬರೆದಿಟ್ಟು, ಫೋನಿನಲ್ಲಿ ಅಮ್ಮನಿಗೆ ಕೇಳುತ್ತಿದ್ದೆ. 'ಇದಕ್ಕೆ ನೀವು ಏನಂತಿದ್ರಿ?' ಅಂತ. ಮುಕ್ಕಾಲು ಓದಿದ್ದೇನೆ. ಹನ್ನೊಂದರ ಲೆಕ್ಕದಲ್ಲಿ ಅದು ಸೇರಿಲ್ಲ.

ಸಿದ್ಧಾರ್ಥ ಮುಖರ್ಜಿಯವರ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್' ಕ್ಯಾನ್ಸರಿನ ಚರಿತ್ರೆ. ನಮ್ಮ ಅತ್ತೆಗೆ ಆ ಕಾಯಿಲೆ ಆಗಿತ್ತು, ಅದಕ್ಕೇ ತರಿಸಿದ್ದು. ಅರವತ್ತು ಪುಟದ ನಿಯಮದಂತೆ ಕಪಾಟಿಗೆ ಹೋಗಬೇಕಿತ್ತು. ಕ್ಯಾನ್ಸರಿಗೆ ನಾನು ಏನು ಕೈಕೆಲಸ ಮಾಡಲಿ? ಎರಡು ಸಲ ಮುಚ್ಚಿಟ್ಟೆ. ಅಷ್ಟರಲ್ಲಿ ಬಾಣಂತನಕ್ಕೆ ಬಂದಿದ್ದ ತಂಗಿ ತನ್ನ ಹಳೆ ಮಾತ್ರೆಗಳನ್ನು ಕಸಕ್ಕೆ ಹಾಕುತ್ತಿದ್ದಳು. ಫೋಲಿಕ್ ಆಸಿಡ್. ಆ ಹೆಸರನ್ನು ಹಿಂದಿನ ವಾರವಷ್ಟೇ ಪುಸ್ತಕದಲ್ಲಿ ಓದಿದ್ದೆ. ಲೂಸಿ ವಿಲ್ಸ್ ಅನ್ನುವ ವೈದ್ಯೆ ಬಾಂಬೆಯ ಗಿರಣಿ ಹೆಂಗಸರ ರಕ್ತಹೀನತೆ ನೋಡಲು ಬಂದವಳು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಕೊಟ್ಟರೆ ಅವರು ಸುಧಾರಿಸುತ್ತಿದ್ದರು. ಅದರಲ್ಲಿದ್ದ ಗುಣವೇ ಮುಂದೆ ಫೋಲಿಕ್ ಆಸಿಡ್ ಅಂತ ಗೊತ್ತಾಯಿತು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನೇ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದರೆ ಕಾಯಿಲೆ ಇನ್ನೂ ಜೋರಾಯಿತು. ಹಾಗಾದರೆ ಅದಕ್ಕೆ ಅಡ್ಡಿ ಮಾಡುವ ಔಷಧಿ ಕೊಟ್ಟರೆ? ಆ ಔಷಧಿ ಬಂದದ್ದು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯದಿಂದ. 1947ರ ಕೊನೆಗೆ, 1948ರಲ್ಲಿ ಕೆಲವು ಮಕ್ಕಳಿಗೆ ಸ್ವಲ್ಪ ಕಾಲವಾದರೂ ಗುಣ ಕಂಡಿತು. ತಂಗಿಯ ಕೈಯಿಂದ ಆ ಮಾತ್ರೆಯ ಪಟ್ಟಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದೆ. ಎರಡು ಮಾತ್ರೆ ಉಳಿದಿದ್ದವು, ಹಳದಿ ಬಣ್ಣ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಆ ಪಟ್ಟಿಯನ್ನೇ ಪುಟದ ಗುರುತಿಗೆ ಇಟ್ಟುಕೊಂಡು ಉಳಿದ ಪುಸ್ತಕ ಮುಗಿಸಿದೆ. ಅತ್ತೆಯ ಆಸ್ಪತ್ರೆ ಫೈಲಿನಲ್ಲಿ ಇದ್ದ ಹೆಸರುಗಳು ಎಷ್ಟೋ ಈಗ ಗುರುತಿನವರ ಹೆಸರಿನ ಹಾಗೆ ಕಾಣುತ್ತವೆ. ಆಗಲೇ ಓದಿದ್ದರೆ ಡಾಕ್ಟರ ಎದುರು ಸುಮ್ನೆ ತಲೆ ಆಡಿಸುತ್ತಾ ಕೂರುತ್ತಿರಲಿಲ್ಲ.

'ಕುದಿ ಎಸರು' ಬಗ್ಗೆ ಬರೆಯುವುದು ಕಷ್ಟ. ಡಾ. ವಿಜಯಾ ಅವರ ಆತ್ಮಕತೆ, 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಹೆಸರೇ ಅಡುಗೆಮನೆಯದು. ಅನ್ನಕ್ಕೆ ಇಟ್ಟ ನೀರು ಕುದಿಯುವ ಸದ್ದು ನನಗೆ ದಿನಾ ಕೇಳುವ ಸದ್ದು. ಅದರಲ್ಲಿ ಹಸಿವು ಇದೆ, ಮನೆಯೊಳಗಿನ ಹೊಡೆತ ಇದೆ. ಇದಕ್ಕೆ ಕೈಕೆಲಸ ಹುಡುಕುವುದೇ ತಪ್ಪು ಅನ್ನಿಸಿತು. ಹಾಗಾಗಿ ಜೋರಾಗಿ ಓದಿದೆ. ನಮ್ಮಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ ಓದು ಬರುವುದಿಲ್ಲ. ಅವರು ತೊಳೆಯುತ್ತಾ ಇರಲಿ, ನಾನು ಓದುತ್ತಾ ಇರುತ್ತೇನೆ ಅಂತ ಶುರು ಮಾಡಿದೆ. ಮೊದಲ ಎರಡು ದಿನ ಅವರು ಏನೂ ಹೇಳಲಿಲ್ಲ. ಮೂರನೇ ದಿನ ಒಂದು ಕಡೆ ನಲ್ಲಿ ನಿಂತಿತು. ತಿರುಗಿ ನೋಡಿದರೆ ದೊಡ್ಡ ಬೋಗುಣಿಯೊಳಗೆ ಕೈ ಹಾಗೇ ಇಟ್ಟುಕೊಂಡು ನಿಂತಿದ್ದರು, ಮೊಣಕೈ ತನಕ ಸೋಪಿನ ನೊರೆ. 'ಇದನ್ನ ಬರದೋರು ಈಗ ಚೆನ್ನಾಗಿದಾರಾ?' ಅಂತ ಕೇಳಿದರು. ಚೆನ್ನಾಗಿದ್ದಾರೆ, ದೊಡ್ಡ ಹೆಸರು ಮಾಡಿದ್ದಾರೆ ಅಂದೆ. 'ಹಂಗಾರೆ ಓದಿ' ಅಂದರು. ನಲ್ಲಿ ತಿರುಗಿಸಲಿಲ್ಲ. ಅವತ್ತು ಸಂಜೆ ಕಾಫಿ ಅರ್ಧ ಗಂಟೆ ತಡ ಆಯಿತು. ಯಾರಾದರೂ ಕೇಳಿದರೆ ಗ್ಯಾಸ್ ಮುಗಿದಿತ್ತು ಅಂತ ಹೇಳಿದೆ.

ನಾಲ್ಕನೇ ದಿನದ ಪುಟ ಆ ಪುಸ್ತಕಕ್ಕೆ ನಾನು ಬರೆಯಲಿಲ್ಲ. ಪಾತ್ರೆ ತೊಳೆಯುವ ಅಕ್ಕ ಹೇಳಿದರು, ನಾನು ಬರೆದುಕೊಂಡೆ. ಅದರಲ್ಲಿ ಏನಿದೆ ಅನ್ನುವುದು ಅವರದು.

'ಹಸುರು ಹೊನ್ನು' ಮತ್ತೆ ಸ್ವಾಮಿಯವರದ್ದೇ, 1978ರ ಅಕಾಡೆಮಿ ಪ್ರಶಸ್ತಿ ಪಡೆದದ್ದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು, ಬೆಟ್ಟ ಅಲೆದು ಗಿಡಗಳ ಕತೆ ಹೇಳುವ ಪುಸ್ತಕ. ಇದಕ್ಕೆ ಕೆಲಸ ಸುಲಭ, ತವರಿಗೆ ಹೋದಾಗ ಮುರುಗಲು, ಉಪ್ಪಾಗೆ, ವಾಟೆ ಈ ಮೂರು ಹುಳಿಮರದ ಎಲೆ ಕಿತ್ತು ತಂದು ಹಳೆ ಪೇಪರಿನ ಮಧ್ಯೆ ಒತ್ತಿಟ್ಟೆ. ಒಂದಕ್ಕೆ ಫಂಗಸ್ ಬಂತು. ಎರಡು ಚೆನ್ನಾಗಿ ಉಳಿದಿವೆ. ಮುರುಗಲು ಮತ್ತು ಉಪ್ಪಾಗೆ ಒಂದೇ ಕುಟುಂಬದವು ಅಂತ ಎಲೆ ಮುಟ್ಟಿದರೇ ತಿಳಿಯುತ್ತದೆ. ವಾಟೆಯ ಎಲೆ ಕಿತ್ತರೆ ಹಾಲು ಬರುತ್ತದೆ, ಅದು ಹಲಸಿನ ಕಡೆಯ ನೆಂಟ. ಚಿಕ್ಕಂದಿನಿಂದ ಮೂರೂ ಹುಳಿಯನ್ನು ಸಾರಿಗೆ ಹಾಕಿದವಳು ನಾನು. ಎಲೆ ಕಡೆ ನೋಡಿರಲಿಲ್ಲ.

ಉಳಿದ ಪುಸ್ತಕಗಳ ಬಗ್ಗೆ ಇನ್ನೊಮ್ಮೆ. ದುಡ್ಡಿನ ಲೆಕ್ಕ ಕೇಳುವವರಿಗೆ: ಹನ್ನೊಂದು ಪುಸ್ತಕಕ್ಕೆ ಸುಮಾರು ನಾಲ್ಕು ಸಾವಿರ, ಅದರಲ್ಲಿ ನಾಲ್ಕು ಹಳೆ ಪುಸ್ತಕ, ಅರ್ಧಕ್ಕಿಂತ ಕಡಿಮೆ ಬೆಲೆಗೆ. ಎಲ್ಲಿ ಸಿಗುತ್ತದೆ ಅಂತ ಹೇಳಿದರೆ ನನಗೆ ಸಿಗುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ಕೈಕೆಲಸಕ್ಕೆ ಏಳು ಸಾವಿರದ ಮೇಲೆ ಹೋಗಿದೆ, ಕುಪ್ಪಳಿಯದೂ ಸೇರಿ. ಪುಸ್ತಕಕ್ಕಿಂತ ಜಾಸ್ತಿ. ನಮ್ಮನೆಯವರು ಇದನ್ನು ಆಗಾಗ ನೆನಪಿಸುತ್ತಾರೆ. ಆದರೆ ಆ ಬುಧವಾರದ ಊಟವನ್ನು ಹುಡುಗರು ಮತ್ತೆ ಕೇಳಿದರು. ಈಗ ತಿಂಗಳ ಮೊದಲ ಬುಧವಾರ ಅದೇ ಅಡುಗೆ, ಹದಿನೈದು ರೂಪಾಯಿ ಜಾಸ್ತಿ ರೇಟು, ಅರವತ್ತು ಎಲೆ ಹೋಗುತ್ತದೆ. ಬೋರ್ಡಿನಲ್ಲಿ 'ಮೆಣಸಿನಕಾಯಿ ಬರುವ ಮೊದಲಿನ ಊಟ' ಅಂತ ಸೀಮೆಸುಣ್ಣದಲ್ಲಿ ಬರೆಯುತ್ತೇನೆ.

ಮೇಷ್ಟ್ರು ಈಗ ಏನು ಮಾಡುತ್ತಿದ್ದಾರೆ ಗೊತ್ತಾ? ಹೋದ ತಿಂಗಳು ಅವರೇ ಕಾಲೇಜಿನ ಲೈಬ್ರರಿಯಿಂದ ಮೂರನೇ ಮಂಗರಸನ 'ಸೂಪಶಾಸ್ತ್ರ' ತಂದುಕೊಟ್ಟರು. 1508ರ ಸುಮಾರಿನದು, ಅಡುಗೆಯ ಪುಸ್ತಕ, ಪೂರ್ತಿ ಷಟ್ಪದಿಯಲ್ಲಿ. ಮೆಣಸಿನಕಾಯಿಯನ್ನು ಇತ್ತ ತಂದ ಪೋರ್ಚುಗೀಸರ ಕೈಗೆ ಗೋವಾ ಹೋದದ್ದು 1510ರಲ್ಲಿ. ಮೆಣಸಿನಕಾಯಿ ಇನ್ನೂ ಇತ್ತ ಕಾಲಿಡದ ಅಡುಗೆಮನೆ ಅದು. ನನಗೆ ಆ ಕನ್ನಡ ಸಲೀಸಾಗಿ ಬರುವುದಿಲ್ಲ. ದಿನಾ ಊಟ ಆದ ಮೇಲೆ ಅವರು ಎರಡು ಪದ್ಯ ಓದಿ ಬಿಡಿಸಿ ಹೇಳುತ್ತಾರೆ, ಕೈ ತೊಳೆಯುವ ಮೊದಲೇ ಕೆಲವು ಸಲ. ಅವರಿಗೆ ಪದ ಗೊತ್ತು, ಹದ ಗೊತ್ತಿಲ್ಲ. ನಿನ್ನೆ ಬದನೆಕಾಯಿಯ ಒಂದು ಪದ್ಯದಲ್ಲಿ ಇಬ್ಬರಿಗೂ ಜಗಳ ಆಯಿತು, ಸುಟ್ಟು ಸಿಪ್ಪೆ ತೆಗೆಯಬೇಕೋ ಬೇಯಿಸಿ ತೆಗೆಯಬೇಕೋ ಅಂತ. ಎರಡು ಕೆಜಿ ಗುಂಡು ಬದನೆಕಾಯಿ ತಂದಿಟ್ಟಿದ್ದೇನೆ. ನಾಳೆ ಎರಡೂ ರೀತಿ ಮಾಡುತ್ತೇನೆ.